ಗಂಗವ್ವನ ಉಡಿಯ ಸೀರೆ

ನಮ್ಮ ಮನೆಯ ಕಪಾಟಿನ ಬಾಗಿಲು ತೆಗೆದರೆ ಮೇಲಿನ ಅರೆಯಿಂದ ಜಂಪರ್ ಪೀಸುಗಳು, ಅಂದರೆ ಉಡಿ ತುಂಬಿದಾಗ ಬಂದ ರವಿಕೆ ಬಟ್ಟೆಗಳು, ತಲೆಯ ಮೇಲೆ ಬೀಳುತ್ತವೆ. ಮೊನ್ನೆಯೂ ಬಿದ್ದವು. ನಾನು ಹುಡುಕುತ್ತಿದ್ದದ್ದು ದಿಂಬಿನ ಕವರು, ಕೈಗೆ ಸಿಕ್ಕಿದ್ದು ತಿಳಿಗುಲಾಬಿ ಬಣ್ಣದ ಒಂದು ಪೀಸು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡದೆ ಏನು, ಹಿಂದೊಮ್ಮೆ ನಾನೇ ಅದನ್ನು ನಮ್ಮ ನೆಗೆಣ್ಣಿಗೆ ಕೊಟ್ಟಿದ್ದೆ. ಅವಳು ಹಾವೇರಿಯ ಬೀಗರಿಗೆ ಕೊಟ್ಟಳು. ಬೀಗರು ಬ್ಯಾಡಗಿಯ ಮದುವೆಯಲ್ಲಿ ಯಾರಿಗೋ ಕೊಟ್ಟರು. ಆ ಯಾರೋ ಕಾಗಿನೆಲೆಯ ತಂಗಿಗೆ ಕೊಟ್ಟಿರಬೇಕು. ಒಟ್ಟಿನಲ್ಲಿ ಅದು ಜಿಲ್ಲೆಯನ್ನೆಲ್ಲ ಸುತ್ತಿ, ಮೂಲೆಗೆ ಚೂರು ಕುಂಕುಮ ಹಚ್ಚಿಕೊಂಡು, ರಾಣೆಬೆನ್ನೂರಿನ ನನ್ನ ಉಡಿಗೇ ವಾಪಸು ಬಂದು ಬಿದ್ದಿತ್ತು.

ಜಂಪರ್ ಪೀಸುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಯಾರು ಬೇಕಾದರೂ ವಾದಕ್ಕೆ ಬರಬಹುದು. ಅವು ಹೊಲಿಸಿಕೊಳ್ಳಲು ಹುಟ್ಟಿದವಲ್ಲ. ಹೊಲಿಸೋಣವೆಂದು ಒಯ್ದರೆ ಟೇಲರ್ ಒಮ್ಮೆ ಬಟ್ಟೆಯನ್ನೂ ಒಮ್ಮೆ ನನ್ನ ತೋಳನ್ನೂ ನೋಡಿ, "ಅಕ್ಕಾರ, ಇದರಾಗ ಮೊಮ್ಮಗಳಿಗೆ ಒಂದು ಲಂಗಾ ಹೊಲೀಲೇನ್ರಿ?" ಎನ್ನುತ್ತಾನೆ. ಅದು ಕೊಡುವುದಕ್ಕಾಗಿ ಇರುವ ಬಟ್ಟೆ. ಕೊಟ್ಟವರಿಗೆ ಸಮಾಧಾನ, ತೆಗೆದುಕೊಂಡವರಿಗೆ ಮುಂದೆ ಯಾರಿಗೆ ಕೊಡಲಿ ಎಂಬ ಯೋಚನೆ. ನನ್ನ ಬಳಗದಲ್ಲಿ, ಕೊಟ್ಟದ್ದನ್ನು ಮುಂದೆ ದಾಟಿಸದೆ ಪೂರಾ ತನ್ನಲ್ಲೇ ಇಟ್ಟುಕೊಂಡವಳು ನಾನು ಕಂಡ ಹಾಗೆ ಒಬ್ಬಳೇ. ಅವಳು ನನ್ನ ತವರೂರಿನ ಕೆರೆ.

ರಾಣೆಬೆನ್ನೂರಿನಿಂದ ಕುಪ್ಪೇಲೂರಿನ ಕಡೆಯ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಸಣ್ಣ ಊರು ನಮ್ಮದು. ಬಸ್ಸಿನ ತುಂಬ ಬೀಜದ ಕಂಪನಿಗಳ ಹೆಸರು ಬರೆದ ಕೈಚೀಲಗಳು, ಯಾರದೋ ಮಡಿಲಲ್ಲಿ ಮೆಣಸಿನಕಾಯಿ ಚೀಲ, ಬಸ್ಸಿಗೆ ಬಸ್ಸೇ ಸೀನು. ಊರು ಬಂತೆಂದು ಕಂಡಕ್ಟರ್ ಕೂಗುವುದು ಬೇಕಿಲ್ಲ. ಕೆರೆಯ ಏರಿ ಹತ್ತುವಾಗ ಕಿಟಕಿಯಿಂದ ತಣ್ಣನೆ ಗಾಳಿ ಬಂದು ಸೀನು ನಿಂತರೆ ನಮ್ಮೂರು ಬಂತೆಂದೇ ಲೆಕ್ಕ.

ನಮ್ಮೂರಿನ ನಂಬಿಕೆ ಏನೆಂದರೆ, ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿಯಿತೆಂದರೆ ಕೆರೆಯ ದೇವಿ ಗಂಗವ್ವ ಬಸುರಾದಳು. ಬಸುರಿಗೆ ನಮ್ಮ ಕಡೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಕೆರೆಗೂ ಅದೇ ಮರ್ಯಾದೆ. ಒಂದೇ ವ್ಯತ್ಯಾಸವೆಂದರೆ ಕೆರೆಗೆ ಸೆರಗಿಲ್ಲವಾದ್ದರಿಂದ ಎಲ್ಲವನ್ನೂ ನೀರಿಗೇ ಬಿಡುತ್ತಾರೆ.

ಈ ಕಾರ್ಯದ ಯಜಮಾನಿಕೆ ನಮ್ಮ ದೊಡ್ಡವ್ವನದು. ನನ್ನ ತಂದೆಯ ಅಣ್ಣನ ಹೆಂಡತಿ, ಹೆಸರು ಪಾರವ್ವ. ಆಕೆಯ ಅತ್ತೆ ಮಾಡುತ್ತಿದ್ದರು, ಅವರ ನಂತರ ಆಕೆ. ಬೇರೆಯವರು ಗಂಗವ್ವನಿಗೆ ಕೈಮುಗಿದು ನಿಂತರೆ ದೊಡ್ಡವ್ವ ಅವಳನ್ನು ಮಾತಾಡಿಸುತ್ತಿದ್ದಳು. "ಬಾರವ್ವಾ, ಈ ವರ್ಷ ಭಾಳ ಕಾಯಿಸಿದಿ ನೋಡು. ಮೈಯಾಗ ಆರಾಮ ಅದೀ ಇಲ್ಲೋ?" ಎಂದು ಕೇಳಿ, ಉತ್ತರ ಬಂದವಳ ಹಾಗೆ ತಲೆಯಾಡಿಸಿ, ಆಮೇಲೆ ಉಡಿಗೆ ಕೈ ಹಾಕುತ್ತಿದ್ದಳು. ಹತ್ತಿರ ನಿಂತ ನಮಗೆ ಕೆರೆ ಏನು ಹೇಳಿತೆಂದು ಕೇಳುವ ಧೈರ್ಯ ಇರಲಿಲ್ಲ.

ನಾನು ಚಿಕ್ಕವಳಿದ್ದಾಗ ಮುತ್ತುಗದ ಎಲೆಯ ಪತ್ರಾವಳಿಯ ಮೇಲೆ ಉಡಿಯ ಸಾಮಾನಿಟ್ಟು ತೇಲಿಬಿಡುತ್ತಿದ್ದರು. ಬೊಗಸೆ ಅಕ್ಕಿ, ಅರಿಶಿನ ಬೇರು, ಕೊಬ್ಬರಿ ಬಟ್ಟಲು, ಮೇಲೊಂದು ಕೈಮಗ್ಗದ ಹಸಿರು ರವಿಕೆ ಕಣ. ಇಡೀ ಊರಿಗೆ ಒಂದೇ ಉಡಿ. ಬೆಳಗಾಗುತ್ತಲೇ ನಾವು ಹುಡುಗಿಯರು ನೋಡಲು ಓಡುತ್ತಿದ್ದೆವು. ಅಕ್ಕಿಯನ್ನೆಲ್ಲ ಮೀನು ತಿಂದು ಮುಗಿಸಿರುತ್ತಿದ್ದವು. "ನೋಡ್ರೆ, ಉಂಡಾಳ" ಎಂದು ದೊಡ್ಡವ್ವ ಖುಷಿಪಡುತ್ತಿದ್ದಳು. ಹತ್ತಿಯ ಕಣ ಬೇಸಿಗೆಯ ಹೊತ್ತಿಗೆ ಕೊಳೆತು ಕೆಸರಿನಲ್ಲಿ ಕೆಸರಾಗಿರುತ್ತಿತ್ತು. ದೊಡ್ಡವ್ವನ ಮಗ ಈರಣ್ಣ ಮಾತ್ರ ನಮ್ಮ ಜೊತೆ ನೀರಿಗೆ ಇಳಿಯುತ್ತಿರಲಿಲ್ಲ. ಅವನಿಗೆ ನೀರೆಂದರೆ ಜೀವ ಹೋಗುವಷ್ಟು ಭಯ. ಏರಿಯ ಮೇಲೆ ಕೂತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದ. ಅಂಥ ಈರಣ್ಣ ಈಗ ಊರಿನ ಕೆರೆ ಸಂಘದ ಅಧ್ಯಕ್ಷ. ಮೊಣಕಾಲುದ್ದ ನೀರಿಗೆ ಇಂದಿಗೂ ಇಳಿದವನಲ್ಲ, ಆದರೆ ಕೆರೆಯ ಬಗ್ಗೆ ಅವನು ಮಾತಾಡಲು ನಿಂತರೆ ಕುರ್ಚಿಗಳು ಖಾಲಿಯಾಗುವವರೆಗೂ ನಿಲ್ಲಿಸುವುದಿಲ್ಲ.

ಊರಿಗೆ ಅನುಕೂಲ ಬಂತು. ಹೊಲಗಳಲ್ಲಿ ಬೀಜೋತ್ಪಾದನೆ ಶುರುವಾಯಿತು, ಮನೆಗಳಿಗೆ ಆರ್‌ಸಿಸಿ ಬಂತು. ಅನುಕೂಲ ಬಂದಮೇಲೆ ಊರಿಗೆಲ್ಲ ಒಂದೇ ಉಡಿ ಎಂದರೆ ಹೇಗೆ? ಮನೆಗೊಂದು ಉಡಿ ಆಯಿತು. ಕಣದ ಜಾಗಕ್ಕೆ ಸೀರೆ ಬಂತು, ಹತ್ತಿಯ ಜಾಗಕ್ಕೆ ಪಾಲಿಸ್ಟರ್ ಬಂತು. ಆಚೆ ಓಣಿಯವರು ಜರಿ ಅಂಚಿನದು ಬಿಟ್ಟರೆ ಈಚೆ ಓಣಿಯವರು ಅದಕ್ಕಿಂತ ಅಗಲ ಜರಿಯದು. ಕೊನೆಗೊಂದು ವರ್ಷ ಯಾರೋ ಬುದ್ಧಿವಂತರು ಸೀರೆಯನ್ನು ಪ್ಲಾಸ್ಟಿಕ್ ಕವರಿನ ಸಮೇತ ಬಿಟ್ಟರು. ಕೇಳಿದರೆ, ಹೊಸ ಸೀರೆ ತೊಯ್ಯಬಾರದು ನೋಡ್ರಿ, ಎಂದರು. ಗಂಗವ್ವನಿಗೆ ಕೊಡುವ ಸೀರೆ ತೊಯ್ಯಬಾರದಂತೆ! ನಾನು ನಗುತ್ತಿದ್ದೇನೆ, ಆದರೆ ಅದರ ಮುಂದಿನ ವರ್ಷ ನಾನೂ ರಾಣೆಬೆನ್ನೂರಿನಿಂದ ಒಂದು ಗಿಳಿಹಸಿರು ಸೀರೆ ಕವರಿನಲ್ಲೇ ಒಯ್ದಿದ್ದೆ. "ಗ್ಯಾರಂಟೀ ಬಣ್ಣರೀ ಅಕ್ಕಾರ, ಹತ್ತು ವರ್ಷ ನೀರಾಗ ನೆನಸಿಟ್ಟರೂ ಬಿಡಂಗಿಲ್ಲ" ಎಂದಿದ್ದ ಅಂಗಡಿಯವ. ಆ ಮಾತು ಎಷ್ಟು ಖರೆ ಎಂಬುದು ಮುಂದೆ ಗೊತ್ತಾಯಿತು.

ಕೆರೆಗೆ ಬೇರೆ ಕಾಟಗಳೂ ಇದ್ದವು. ಔಷಧಿ ಹೊಡೆಯುವ ಪಂಪುಗಳನ್ನು ಅದರಲ್ಲೇ ತೊಳೆದರು. ಅಂಚಿನ ಹೊಲಗಳು ಬೇಸಿಗೆಗೊಂದು ಸಾಲಿನಂತೆ ಒಳಗೆ ಸರಿದವು. ಇವೆಲ್ಲ ತಪ್ಪೆಂದು ಊರಿಗೆ ಗೊತ್ತಿತ್ತು. ತಪ್ಪು ಮಾಡುವವರು ಸ್ವಲ್ಪ ಅತ್ತಿತ್ತ ನೋಡಿಯಾದರೂ ಮಾಡುತ್ತಿದ್ದರು. ಸೀರೆ ಬಿಡುವವರು ಮಾತ್ರ ವಾಲಗ ಊದಿಸಿಕೊಂಡು ಬರುತ್ತಿದ್ದರು. ಪ್ರೀತಿಯಿಂದ ಕೊಟ್ಟದ್ದರಲ್ಲಿ ಯಾರು ತಪ್ಪು ಹುಡುಕುತ್ತಾರೆ?

ಹೋದ ವರ್ಷ ಮಳೆ ನಿಂತು, ಕೆರೆಯ ಕೆಳಗಿನ ಹೊಲಗಳಿಗೆ ನೀರು ಬಿಡುವ ಕಾಲಕ್ಕೆ, ತೂಬಿನ ಕದ ಎತ್ತಿದರೆ ನೀರು ಬರಲಿಲ್ಲ. ಕೆರೆ ಮೇಲೆ ತುಂಬಿ ನಿಂತಿದೆ, ಕಾಲುವೆಯಲ್ಲಿ ಎಳೆಮಗು ಉಚ್ಚೆ ಹೊಯ್ದಷ್ಟು ಧಾರೆ. ಊರೆಲ್ಲ ಏರಿಯ ಮೇಲೆ ಸೇರಿತು, ಆ ವಾರ ತವರಿಗೆ ಬಂದಿದ್ದ ನಾನೂ. ತೂಬಿನೊಳಗೆ ಆಮೆ ಕೂತಿದೆ ಎಂದು ಒಬ್ಬ. ಹೂಳು ಕಟ್ಟಿದೆ ಎಂದು ಇನ್ನೊಬ್ಬ. ನಮ್ಮ ದೊಡ್ಡಪ್ಪ ಮಾತ್ರ ಇದು ಮೇಲಿನ ಊರಿನವರ ಕಿತಾಪತಿ ಎಂದು ಪಟ್ಟು ಹಿಡಿದ. ಮೇಲಿನ ಊರಿಗೂ ನಮ್ಮ ತೂಬಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಮೆಕ್ಕೆಜೋಳ ಒಣಗುವುದನ್ನು ನೋಡಿ ತಡೆಯಲಾರದ ಕೆಲವರು ಕೋಡಿಯನ್ನೇ ಒಡೆದು ನೀರು ತೆಗೆಯೋಣ ಎಂದರು. ಕೋಡಿ ಒಡೆದರೆ ಕೆರೆ ಖಾಲಿ, ಕೆರೆ ಖಾಲಿಯಾದರೆ ಸುತ್ತಲಿನ ಬಾವಿ ಬೋರುಗಳೂ ಖಾಲಿ. ಈರಣ್ಣ ಕೋಡಿಗೆ ಅಡ್ಡ ನಿಂತು, ತುಂಗಭದ್ರೆಯ ದಂಡೆಯ ಊರಿನಿಂದ ಒಬ್ಬ ಮುಳುಗು ಹಾಕುವ ಮನುಷ್ಯನನ್ನು ಕರೆಸಿದ.

ಬಂದವನು ಮಾತಿನ ಮಲ್ಲ. ಕಬ್ಬಿಣದ ಕೊಕ್ಕೆ ಹಿಡಿದು ಮುಳುಗಿ, ಎದ್ದು, ಮುಖ ಒರೆಸಿಕೊಂಡು, "ಸಾವಕಾರ್ರ, ನಿಮ್ಮ ತೂಬಿನ್ಯಾಗ ಸೀರಿ ಅಂಗಡಿ ಐತ್ರಿ" ಎಂದ. ಜನ ನಕ್ಕರು. ಅವನು ಹಗ್ಗ ಕಟ್ಟಿ ಮೇಲಕ್ಕೆ ಕೊಟ್ಟ, ಏರಿಯ ಮೇಲಿನವರು ಎಳೆದರು. ಬಂತು ನೋಡಿ. ಸೀರೆಗೆ ಸೀರೆ ಹೊಸೆದುಕೊಂಡು, ನಡುನಡುವೆ ಪ್ಲಾಸ್ಟಿಕ್ ಬಳೆ, ಕವರು, ಜಂಪರ್ ಪೀಸು ಸಿಕ್ಕಿಕೊಂಡು, ಎತ್ತಿನ ಕೊರಳಿನಷ್ಟು ದಪ್ಪದ ಹುರಿ. ಎಳೆದಷ್ಟೂ ಬಂತು. ನಗುತ್ತಿದ್ದವರೂ ಬಂದು ಹಗ್ಗಕ್ಕೆ ಕೈ ಹಾಕಿದರು. ಹುರಿಯೊಳಗೆ ಒಂದು ನೀರುಕಾಗೆಯೂ ಸಿಕ್ಕು ಸತ್ತಿತ್ತು. ಮೀನು ಹಿಡಿಯಲು ಮುಳುಗಿದ್ದು ಮೇಲೆ ಬರಲಾಗಿರಲಿಲ್ಲ. "ಹೊಳ್ಯಾಗೂ ಇದs ಹಣೇಬರಹರಿ. ಮೊದಲ ಮೀನಾ ಹಿಡೀತಿದ್ದೆ, ಈಗ ಜನಾ ಬಿಟ್ಟ ಬಟ್ಟಿ ಹಿಡಿಯಾಕತ್ತೇನಿ" ಎಂದ ಮುಳುಗುವವನು, ಕೊಕ್ಕೆ ಜಾಡಿಸುತ್ತ.

ದೊಡ್ಡವ್ವ ಕೆಳಗೆ ಕೂತು ಹುರಿಯ ಒಂದು ತುದಿಯನ್ನು ಬೆರಳಿನಿಂದ ಬಿಡಿಸಿದಳು. ಕೆಸರಿನ ಕೆಳಗೆ ನನ್ನ ಗಿಳಿಹಸಿರು ಸೀರೆ, ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿತ್ತು. ಅಂಗಡಿಯವನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ದೊಡ್ಡವ್ವ ನನ್ನ ಕಡೆ ನೋಡಲಿಲ್ಲ, ಯಾರ ಕಡೆಗೂ ನೋಡಲಿಲ್ಲ. "ಬಸುರಿ ಅಂತ ಕುಬಸಾ ಮಾಡಿ, ಆಕೀ ಬಾಯಾಗs ಬಟ್ಟಿ ತುರುಕೀವಲ್ಲೋ" ಎಂದಳು. ಅಷ್ಟು ಹೇಳಿ ಎದ್ದು ಮನೆಗೆ ನಡೆದಳು. ಹಿಂದೆ ತೂಬಿನಿಂದ ನೀರು ಭೋರೆಂದು ಕಾಲುವೆಗೆ ಬಿದ್ದ ಸಪ್ಪಳಕ್ಕೂ ತಿರುಗಿ ನೋಡಲಿಲ್ಲ.

ಮರುದಿನ ಸಂಘದ ಸಭೆಯಲ್ಲಿ ಈರಣ್ಣ, ಇನ್ನು ಮುಂದೆ ಕೆರೆಗೆ ಉಡಿ ತುಂಬುವುದು ಬಂದ್ ಎಂದು ಸಾರಿದ. ಊರಿಗೆ ಸಾರುವುದು ಸುಲಭ. ಮನೆಯಲ್ಲಿ ಊಟಕ್ಕೆ ಬಡಿಸುವವಳು ಅದೇ ದೊಡ್ಡವ್ವ.

"ತಪ್ಪಾಗೇತಿ, ನಾ ಇಲ್ಲನ್ನಂಗಿಲ್ಲ" ಎಂದಳು ಆಕೆ, ರೊಟ್ಟಿಯನ್ನು ಅವನ ತಟ್ಟೆಗೆ ಹಾಕುತ್ತ. "ಆದ್ರ ತುಂಬಿದ ಬಸುರಿ ಮನೀ ಮುಂದ ಬಂದು ನಿಂತಾಗ ಬಾಗಿಲಾ ಹಾಕ್ಕೊಂಡು ಕುಂದ್ರಂದ್ರ ಹೆಂಗೋ ತಮ್ಮಾ? ನನ್ನ ಕಡೆ ಆಗಂಗಿಲ್ಲ."

"ಯವ್ವಾ, ಕೈ ಮುಗೀ. ಅರಿಶಿನ ಕುಂಕುಮ ಏರಿ ಮ್ಯಾಲಿನ ಕಲ್ಲಿಗೆ ಹಚ್ಚು. ನೀರಾಗ ಮಾತ್ರ ಏನೂ ಬೀಳಬಾರದು."

"ಕಲ್ಲು ಬಸುರಾಗೇತೇನೋ?"

ಈರಣ್ಣ ರೊಟ್ಟಿ ಮುರಿದ. ಇಬ್ಬರ ಮಾತೂ ನನಗೆ ಸರಿ ಕಂಡಿತು, ಅದೇ ತೊಂದರೆ. ಆವತ್ತಿನಿಂದ ದೊಡ್ಡವ್ವ ಏರಿಯ ಕಡೆ ಹೋಗುವುದನ್ನೇ ಬಿಟ್ಟಳು. ಹೊಲಕ್ಕೆ ಸುತ್ತುದಾರಿ ಹಿಡಿದು ಹೋಗುತ್ತಿದ್ದಳು. ಕೆರೆಗೆ ಮುಖ ತೋರಿಸಲು ನಾಚಿಕೆ ಎಂದು ಫೋನಿನಲ್ಲಿ ನನ್ನ ಹತ್ತಿರ ಹೇಳಿದಳು. ತನ್ನ ಅತ್ತೆ ತನ್ನ ಕೈಗೆ ಕೊಟ್ಟ ಕೆಲಸ ತನ್ನ ಕೈಯಲ್ಲೇ ಮುಗಿದುಹೋಯಿತೆಂಬ ದುಃಖ ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು. ನನಗೂ ಸಂಕಟವಾಯಿತು. ಹುಟ್ಟಿದಾಗಿನಿಂದ ಆಕೆಯನ್ನು ಕೆರೆಯ ಜೊತೆಗೇ ನೋಡಿದವಳು ನಾನು.

ಬೇಸಿಗೆಯಲ್ಲಿ ಕೆರೆಯ ನೀರು ನಡುವಿಗೆ ಸರಿದಾಗ ಆಕೆಯೇ ಮೊದಲು ಇಳಿದಳಂತೆ, ಕೈಯಲ್ಲಿ ಒಂದು ಕುಡುಗೋಲು. ಒಬ್ಬಳೇ ಕೆಸರಿನಿಂದ ಬಟ್ಟೆ ಕಿತ್ತು ಕಿತ್ತು ದಂಡೆಗೆ ಹಾಕುತ್ತಿರುವುದನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಸೇರಿಕೊಂಡರು. ನಾನೂ ಒಂದು ದಿನ ಹೋಗಿದ್ದೆ. ನನ್ನ ಸೇವೆ ಎಂಥದ್ದೆಂದರೆ, ಇಳಿದ ಸ್ವಲ್ಪ ಹೊತ್ತಿಗೆ ನನ್ನ ಎರಡು ಕಾಲೂ ಕೆಸರಿನಲ್ಲಿ ಹೂತು, ಬಟ್ಟೆ ಕೀಳಲು ಬಂದವರು ನನ್ನನ್ನು ಕೀಳಬೇಕಾಯಿತು. ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ. ಕೆಸರಿನಿಂದ ಹಳೆಯ ಗಣಪತಿಗಳ ಕಬ್ಬಿಣದ ಸರಳು, ಔಷಧಿ ಬಾಟಲಿ, ಮೆಣಸಿನಕಾಯಿ ಚೀಲ, ಎಲ್ಲ ಬಂದವು. ಪ್ರತಿ ಸೀರೆ ಎದ್ದಾಗಲೂ ಯಾರಾದರೊಬ್ಬರು ಇದು ನಮ್ಮದು ಎಂದು ಗುರುತು ಹಿಡಿದು ತಲೆ ತಗ್ಗಿಸುತ್ತಿದ್ದರು. ಹಿಂದೆ ಅವೇ ಸೀರೆಗಳನ್ನು ಎತ್ತಿ ತೋರಿಸಿ ಬಿಟ್ಟವರು.

ಈ ವರ್ಷ ಮುಂಗಾರು ಚಲೋ ಆಯಿತು. ಒಂದು ಮುಂಜಾನೆ ದೊಡ್ಡವ್ವನ ಫೋನು ಬಂತು.

"ನೀಲವ್ವಾ, ಕೆರಿ ತುಂಬೇತಿ. ಬರೂ ಮುಂದ ಒಂದು ಹಸಿರು ಸೀರಿ ತಗೊಂಬಾ."

"ಈರಣ್ಣ ಒಪ್ಪ್ಯಾನೇನು ದೊಡ್ಡವ್ವಾ?"

"ನೀ ಸೀರಿ ತಗೊಂಬಾ. ಹತ್ತೀದು ಇರ್ಲಿ. ಗ್ಯಾರಂಟಿ ಗೀರಂಟಿ ಬ್ಯಾಡ."

ರಾಣೆಬೆನ್ನೂರಿನ ಅಂಗಡಿಯಲ್ಲಿ ನಾನು, ಲಗೂ ಹರಿಯುವಂಥ ಒಂದು ಹತ್ತಿ ಸೀರೆ ಕೊಡ್ರಿ, ಎಂದೆ. ಅಂಗಡಿಯವ ನನ್ನನ್ನು ಮೇಲೆ ಕೆಳಗೆ ನೋಡಿದ. "ಅಂಥಾ ಮಾಲು ನಮ್ಮಲ್ಲಿ ಇಡಂಗಿಲ್ರಿ ಅಕ್ಕಾರ" ಎಂದ, ಮಾನ ಹೋದವನ ಹಾಗೆ. ಎದುರು ಅಂಗಡಿಗೆ ಹೋಗ್ರಿ ಎಂದು ಕೈ ಬೇರೆ ಮಾಡಿದ. ಕೊನೆಗೆ ಆ ಎದುರು ಅಂಗಡಿಯ ಮೂಲೆಯ ಗಂಟಿನಲ್ಲಿ ಅಂಚು ಸಣ್ಣದಾದ ಒಂದು ಕೈಮಗ್ಗದ ಹಸಿರು ಸೀರೆ ಸಿಕ್ಕಿತು. ಕವರು ಬೇಡ ಎಂದು ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಏರಿಯ ಮೇಲೆ ಊರಿಗೆ ಊರೇ ಇತ್ತು. ಈರಣ್ಣ ನೀರಿಗೆ ಇಳಿಯುವ ಮೆಟ್ಟಿಲ ಬಾಯಲ್ಲೇ ನಿಂತಿದ್ದ. ಅವನ ಸೊಸೆ, ಅಂದರೆ ದೊಡ್ಡವ್ವನ ಮೊಮ್ಮಗನ ಹೆಂಡತಿ ಶೈಲಾ, ಆರು ತಿಂಗಳ ಬಸುರಿ, ಹೆಂಗಸರ ನಡುವೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ದೊಡ್ಡವ್ವ ನನ್ನ ಕೈಯಿಂದ ಸೀರೆ ತೆಗೆದುಕೊಂಡು ಮಗನ ಮುಂದೆ ಬಂದು ನಿಂತಳು.

"ಯವ್ವಾ, ಸೀರಿ ನೀರಾಗ ಬಿಡಂಗಿಲ್ಲ" ಎಂದ ಈರಣ್ಣ, ಮೆತ್ತಗೆ.

"ಬಿಡಂಗಿಲ್ಲ. ಅತ್ತಾಗ ಸರೀ."

ಅವನು ಸರಿದ. ದೊಡ್ಡವ್ವ ಮೊಣಕಾಲುದ್ದ ನೀರಿಗೆ ಇಳಿದಳು. ಮಾತಾಡಿಸುತ್ತಾಳೆಂದು ನಾವೆಲ್ಲ ಕಾದೆವು. ಆಕೆ ಮೊದಲು ಮೀನು ತಿಂದು ಮುಗಿಸುವಷ್ಟು ಅಕ್ಕಿ, ಕೊಬ್ಬರಿ ಚೂರು ಬಿಟ್ಟಳು. ಆಮೇಲೆ ಸೀರೆಯ ಒಂದು ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಉಳಿದದ್ದನ್ನು ಮಡಿಕೆ ಬಿಚ್ಚಿ ನೀರಿನ ಮೇಲೆ ಹಾಸಿದಳು. ಗಾಳಿಗೆ ಅದು ಉದ್ದಕ್ಕೂ ಬಿಚ್ಚಿಕೊಂಡು, ಕೆಂಪು ನೀರಿನ ಮೇಲೆ ಹಸಿರಾಗಿ, ಅಲೆ ಬಂದಾಗ ಏರುತ್ತ ಇಳಿಯುತ್ತ ನಿಂತಿತು. ಕೆರೆ ಸೀರೆ ಉಟ್ಟದ್ದನ್ನು ಈ ವಯಸ್ಸಿನಲ್ಲಿ ನಾನು ಮೊದಲ ಸಲ ಕಂಡೆ. ಇಷ್ಟು ವರ್ಷ ಅವಳಿಗೆ ಗಂಟು ಗಂಟು ಬಟ್ಟೆ ಎಸೆದಿದ್ದೆವೇ ಹೊರತು ಯಾರೂ ಉಡಿಸಿರಲಿಲ್ಲ. ಹೆಂಗಸರು ಆರತಿ ಎತ್ತಿ ಸೋಬಾನ ಹೇಳಿದರು. ಹಾಡು ಮುಗಿದ ಮೇಲೆ ದೊಡ್ಡವ್ವ ಸೀರೆಯನ್ನು ಕೈಗೆ ಕೈ ಸೇರಿಸಿ ಎಳೆದುಕೊಂಡು, ಹಿಂಡದೆ ಹಾಗೇ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದಳು.

"ಯಾರು ಉಡ್ತೀರಿ?" ಎಂದು ಕೇಳಿದಳು.

ಯಾರೂ ಮುಂದೆ ಬರಲಿಲ್ಲ. ಬಿಡುವುದಕ್ಕೆ ಮನೆಗೊಬ್ಬರು ಬರುತ್ತಿದ್ದ ಊರು ಅದು. ದೇವಿಗೆ ಕೊಟ್ಟದ್ದನ್ನು ವಾಪಸು ತೆಗೆದುಕೊಂಡವರು ಉದ್ಧಾರವಾಗುತ್ತಾರೆಯೇ ಎಂಬ ಅಂಜಿಕೆ ಎಲ್ಲರ ಮುಖದ ಮೇಲೂ ಇತ್ತು. ಹಿಂದಿನ ಸಾಲಿನವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಪೇಟೆಯಲ್ಲಿದ್ದು ನಾಲ್ಕು ಅಕ್ಷರ ಕಲಿತ ನಾನೂ ಕಾಲ ಬೆರಳು ನೋಡುತ್ತ ನಿಂತೆ. ಜಂಪರ್ ಪೀಸುಗಳ ವಿಷಯದಲ್ಲಿ ಧೈರ್ಯವಾಗಿ ಬರೆದೆ, ಈ ವಿಷಯದಲ್ಲಿ ನನ್ನ ಧೈರ್ಯ ಅಷ್ಟೇ.

ದೊಡ್ಡವ್ವ ಒಂದು ಗಳಿಗೆ ಕಾದಳು. ಸೀರೆಯ ನೀರು ಆಕೆಯ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಆಕೆಯೇ ಅದನ್ನು ಬಿಚ್ಚಿ, ಉಟ್ಟ ಸೀರೆಯ ಮೇಲೆ ತಲೆತುಂಬ ಹೊದ್ದುಕೊಂಡಳು. ಬೆಳ್ಳಗಾದ ಕೂದಲಿನ ಮೇಲೆ ಬಸುರಿಯ ಹಸಿರು ಸೀರೆ.

"ಕೊಟ್ಟು ಕಸಗೊಂಡ ಪಾಪ ಅಂತ ಏನರ ಇದ್ರ ಅದು ನನಗಿರ್ಲಿ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಆಕಿ ಉಸರಾಡ್ಲಿ."

ಅಧ್ಯಕ್ಷರಿಗೆ ಮಾತು ಹೊರಡದ್ದನ್ನು ಊರು ಆವತ್ತು ನೋಡಿತು. ಆಗ ಶೈಲಾ ಆರತಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಮುಂದೆ ಬಂದಳು.

"ಅಮ್ಮಾ, ಒಬ್ಬರs ಯಾಕ ಹೊತ್ಕೋತೀರಿ? ಸೆರಗ ನನಗೂ ಹಾಕ್ರಿ."

ದೊಡ್ಡವ್ವ ಗಾಬರಿಯಾಗಿ ಎರಡೂ ಕೈಯಿಂದ ಸೆರಗು ಹಿಂದಕ್ಕೆ ಎಳೆದುಕೊಂಡಳು. "ನೀ ಬ್ಯಾಡ ಯವ್ವಾ, ಬಸುರಿ ಹೆಣಮಗಳು. ಸರಿ ಹಿಂದಕ."

"ಆಕೀನೂ ಬಸುರೇ ಅಲ್ಲೇನ್ರಿ?" ಎಂದಳು ಶೈಲಾ, ಕೆರೆಯ ಕಡೆ ನೋಡಿ.

ದೊಡ್ಡವ್ವ ಆ ಹುಡುಗಿಯ ಮುಖವನ್ನೇ ನೋಡಿದಳು. ಕೊನೆಗೆ ತೊಯ್ದ ಸೆರಗನ್ನು ಬಿಡಿಸಿ ಅವಳ ತಲೆಯ ಮೇಲಿಂದ ತಂದು ಹೊಟ್ಟೆಯ ಮೇಲೆ ಹೊದಿಸಿದಳು. ತಣ್ಣೀರು ತಗುಲಿದ್ದಕ್ಕೆ ಶೈಲಾ ಒಮ್ಮೆ ಜುಂ ಎಂದು, ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟಳು.

"ಒದೀತ್ರೀ ಅಮ್ಮಾ" ಎಂದಳು.